ರಘುರಾಜಪುರದ ಕೇಲುಚರಣ ಮಹಾಪಾತ್ರರು: ಚಿತ್ರಕಾರ ಮನೆತನದ ನಾಟ್ಯಾಚಾರ್ಯರು

ವಿಷ್ಣುಧರ್ಮೋತ್ತರಪುರಾಣದ ತೃತೀಯಖಂಡದಲ್ಲಿ ವಜ್ರನೆಂಬ ಅರಸನಿಗೂ ಮಾರ್ಕಂಡೇಯಮುನಿಗೂ ನಡೆದ ಸಂವಾದವು ವಿದ್ವಾಂಸರಿಗೆ ಸುಪರಿಚಿತವಾದುದು. ದೇವತಾಪ್ರತಿಮೆಗಳ ಲಕ್ಷಣವನ್ನು ತಿಳಿಯಬೇಕೆಂದು ಬಂದ ಅರಸನನ್ನು ಮುನಿಯು ನೇರವಾಗಿ ಶಿಲೆಯ ಬಳಿಗೆ ಕರೆದೊಯ್ಯುವುದಿಲ್ಲ. ಪ್ರತಿಮೆಯಿಂದ ಚಿತ್ರಕ್ಕೂ, ಚಿತ್ರದಿಂದ ನೃತ್ತಕ್ಕೂ, ನೃತ್ತದಿಂದ ವಾದ್ಯಕ್ಕೂ, ವಾದ್ಯದಿಂದ ಗೀತಕ್ಕೂ ಹಿಮ್ಮುಖವಾಗಿ ನಡೆಸಿಕೊಂಡು ಹೋಗುತ್ತಾನೆ. ಪಾಠಶಾಲೆಗಳಲ್ಲಿ ಈ ಪ್ರಕರಣವನ್ನು ಹೇಳುವವರು, ತಾರ್ಕಿಕರಿಗೆ ದೋಷವಾದ ಅನ್ಯೋನ್ಯಾಶ್ರಯವು ಕಲೆಗಳಿಗೆ ಭೂಷಣವಾಯಿತೆಂದು ವಿನೋದವಾಗಿ ನುಡಿದು ಮುಂದಿನ ಅಧ್ಯಾಯಕ್ಕೆ ತೆರಳುವುದುಂಟು. ಆ ಸಂವಾದದಲ್ಲಿ ಹೇಳಿದ ಸಂಬಂಧವು ಒಬ್ಬ ಮನುಷ್ಯನ ಶರೀರದಲ್ಲಿಯೂ ಜೀವನೋಪಾಯದಲ್ಲಿಯೂ ಪ್ರತ್ಯಕ್ಷವಾದುದಕ್ಕೆ ಇಪ್ಪತ್ತನೆಯ ಶತಮಾನದ ಉತ್ಕಲದೇಶದಲ್ಲಿ ಒಂದು ನಿದರ್ಶನವಿದೆ. ಒಡಿಸ್ಸಿ ನೃತ್ಯದ ಆಚಾರ್ಯರೆಂದು ಪ್ರಖ್ಯಾತರಾದ ಕೇಲುಚರಣ ಮಹಾಪಾತ್ರರು ಹುಟ್ಟಿನಿಂದ ಚಿತ್ರಕಾರ ಮನೆತನದವರು. ಒಡಿಸ್ಸಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಾಸನಗಳಿಂದಲೂ ಶಿಲ್ಪಗಳಿಂದಲೂ ಪ್ರಾರಂಭಿಸುವರು. ಅದನ್ನು ಒಂದು ಹಳ್ಳಿಯ ಬೀದಿಯಿಂದ ಪ್ರಾರಂಭಿಸಿದರೆ ಏನು ಕಾಣಬರುವುದೆಂಬುದು ಇಲ್ಲಿಯ ವಿಚಾರ.

ಕೇಲುಚರಣರು 1926ನೆಯ ಇಸವಿ ಜನವರಿ 8ರಂದು ಪುರಿ ಜಿಲ್ಲೆಯ ರಘುರಾಜಪುರದಲ್ಲಿ ಜನಿಸಿದರು. ಈ ಗ್ರಾಮವು ಜಗನ್ನಾಥಕ್ಷೇತ್ರಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ಭಾರ್ಗವೀ ನದಿಯ ತೀರದಲ್ಲಿದೆ. ತೆಂಗು ತಾಳೆಗಳ ತೋಪಿನ ನಡುವೆ ಎದುರುಬದುರಾಗಿ ಎರಡು ಸಾಲು ಮನೆಗಳು. ಸಾಲುಗಳ ಮಧ್ಯದ ಬಯಲಿನಲ್ಲಿ ಚಿಕ್ಕಚಿಕ್ಕ ಗುಡಿಗಳು. ಗೋಡೆಗಳ ಮೇಲೆ ಚಿತ್ರಗಳು. ತಂದೆ ಚಿಂತಾಮಣಿ ಮಹಾಪಾತ್ರರು ಚಿತ್ರಕಾರರು. ಖೋಲ್ ಎಂಬ ಮಣ್ಣಿನ ಮದ್ದಳೆಯನ್ನೂ ನುಡಿಸುತ್ತಿದ್ದರು. ಹೀಗೆ ಚಿತ್ರವೂ ವಾದ್ಯವೂ ಆ ಮನೆಯಲ್ಲಿ ಮೊದಲೇ ಕೂಡಿದ್ದವು.

ಅಲ್ಲಿಯ ಕುಲವೃತ್ತಿಯಾದ ಪಟ್ಟಚಿತ್ರದ ವಿಧಾನವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ; ಮುಂದಿನ ಮಾತೆಲ್ಲವೂ ಅದನ್ನು ಅವಲಂಬಿಸಿದೆ. ಹಳೆಯ ಹತ್ತಿಬಟ್ಟೆಯ ಪದರಗಳನ್ನು ಹುಣಿಸೆಬೀಜದ ಅಂಟಿನಿಂದ ಕೂಡಿಸಿ, ಸುಣ್ಣದ ಮಣ್ಣಿನ ಪುಡಿ ಬೆರೆಸಿದ ಅಂಟನ್ನು ಅದರ ಮೇಲೆ ಬಳಿದು ಒಣಗಿಸುವರು. ಬಳಿಕ ಮೊದಲು ಒರಟುಕಲ್ಲಿನಿಂದಲೂ ಅನಂತರ ನುಣುಪುಕಲ್ಲಿನಿಂದಲೂ ತೊಗಲಿನಂತೆ ಮೃದುವಾಗುವವರೆಗೆ ಉಜ್ಜುವರು. ಈ ಕೆಲಸದಲ್ಲಿ ಮನೆಯ ಹೆಂಗಸರ ಪಾಲು ದೊಡ್ಡದು. ಚಿತ್ರದ ಮೇಲೆ ಮಾತ್ರ ಅವರ ಹೆಸರು ಬರುವುದು ವಿರಳ. ಬಿಳುಪಿಗೆ ಶಂಖದ ಪುಡಿ, ಕೆಂಪಿಗೆ ಇಂಗಳೀಕ, ಹಳದಿಗೆ ಹರಿದಾಳ, ಕಪ್ಪಿಗೆ ದೀಪದ ಕಾಡಿಗೆ. ಇವನ್ನು ಬೇಲದ ಮರದ ಅಂಟಿನೊಡನೆ ಅರೆಯುವರು. ನುರಿತ ಚಿತ್ರಕಾರನು ಕುಂಚದಿಂದಲೇ ನೇರವಾಗಿ ರೇಖೆಯನ್ನೆಳೆಯುವನು. ಮೊದಲು ಸುತ್ತಲ ಅಂಚು, ಬಳಿಕ ಆಕೃತಿಯ ರೇಖೆ, ಮೈಬಣ್ಣ, ಉಡುಗೆ, ಆಭರಣ, ಕಡೆಯಲ್ಲಿ ಕಪ್ಪುಗೆರೆ ಮತ್ತು ಕಣ್ಣು. ಅಂಚು ಮೊದಲಾಗಿ ಕಣ್ಣು ಕಡೆಯಾದ ಈ ಕ್ರಮವನ್ನು ವಾಚಕರು ನೆನಪಿನಲ್ಲಿಡುವುದೊಳಿತು.

ಪುರಿಯ ಆರಾಧನಾಕ್ರಮದಲ್ಲಿ ಈ ಚಿತ್ರಗಳಿಗೆ ಬೇರೆ ಎಲ್ಲಿಯೂ ಕಾಣದ ಒಂದು ಪದವಿಯಿದೆ. ಜ್ಯೇಷ್ಠಪೂರ್ಣಿಮೆಯ ಸ್ನಾನಯಾತ್ರೆಯಾದ ಮೇಲೆ ಜಗನ್ನಾಥ, ಬಲಭದ್ರ, ಸುಭದ್ರೆಯರು ಜ್ವರಪೀಡಿತರಾದರೆಂಬ ಭಾವನೆಯಿಂದ ಒಂದು ಪಕ್ಷದ ಕಾಲ ಭಕ್ತರಿಗೆ ದರ್ಶನವೀಯುವುದಿಲ್ಲ. ಅನಸರವೆಂದು ಕರೆಯುವ ಆ ದಿನಗಳಲ್ಲಿ ಮೂರ್ತಿಗಳ ಬದಲಾಗಿ ಚಿತ್ರಕಾರರು ಬರೆದ ಮೂರು ಪಟಗಳಿಗೆ ಪೂಜೆ ಸಲ್ಲುವುದು. ದೇವರು ತೆರೆಮರೆಯಲ್ಲಿರುವಾಗ ಚಿತ್ರವೇ ದೇವರು. ಆದರೆ ಪಟವನ್ನು ಬರೆದವನ ಮನೆಯಲ್ಲಿ ಅದರಿಂದ ಧಾನ್ಯದ ಕಣಜವೇನೂ ತುಂಬುತ್ತಿರಲಿಲ್ಲ. ಯಾತ್ರಿಕರು ಕೊಳ್ಳುವ ಚಿಕ್ಕ ಚಿತ್ರಗಳು, ಮದುವೆಮನೆಯ ಭಿತ್ತಿಚಿತ್ರಗಳು, ಗಂಜಪಾ ಎಂಬ ದುಂಡನೆಯ ಆಟದ ಎಲೆಗಳು ಇವುಗಳಿಂದಲೇ ಜೀವನ ಸಾಗಬೇಕಾಗಿದ್ದಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಛದಗಳ ವರ್ಣನೆಯನ್ನು ಕಂಡವರಿಗೆ ಈ ಎಲೆಗಳು ಅಪರಿಚಿತವೆನಿಸಲಾರವು. ಮೈಸೂರಿನಲ್ಲಿ ಅವು ಅರಮನೆಯ ವಿನೋದವಾಗಿದ್ದವು, ರಘುರಾಜಪುರದಲ್ಲಿ ಹೊಟ್ಟೆಪಾಡು.

ಇದೇ ಗ್ರಾಮದಲ್ಲಿ ಗೋಟಿಪುಅ ಎಂಬ ನೃತ್ಯದ ಅಖಾಡೆಯೂ ಇದ್ದಿತು. ಒಡಿಯಾ ಭಾಷೆಯಲ್ಲಿ ಗೋಟಿ ಎಂದರೆ ಒಂದು, ಪುಅ ಎಂದರೆ ಹುಡುಗ. ಐದಾರು ವರ್ಷದ ಬಾಲಕರನ್ನು ಕರೆದು, ಅಂಗಸಾಧನೆ ಮಾಡಿಸಿ, ಸ್ತ್ರೀವೇಷ ತೊಡಿಸಿ, ಹಾಡುತ್ತ ಕುಣಿಯಲು ಕಲಿಸುವರು. ಮೀಸೆ ಮೂಡುವ ಕಾಲಕ್ಕೆ ಅವರ ನೃತ್ಯವೂ ಮುಗಿಯುವುದು. ಅಖಾಡೆಯೆಂದರೆ ನಮ್ಮ ಕಡೆಯ ಗರಡಿ. ಮೈಯನ್ನು ಬಿಲ್ಲಿನಂತೆ ಬಾಗಿಸಿ ಹಲವರು ಕೂಡಿ ಆಕೃತಿಗಳನ್ನು ಕಟ್ಟುವ ಬಂಧನೃತ್ಯವು ಈ ಗರಡಿಯ ಸಂಬಂಧದಿಂದ ಬಂದುದೆಂದು ಸುಲಭವಾಗಿ ಊಹಿಸಬಹುದು. ಮಾಹಾರಿಗಳೆನಿಸಿದ ದೇವದಾಸಿಯರು ದೇವಾಲಯದೊಳಗೆ ಸೇವೆ ಸಲ್ಲಿಸುತ್ತಿದ್ದರು. ಗೋಟಿಪುಅಗಳು ಹೊರಗೆ, ಚಂದನಯಾತ್ರೆಯ ತೆಪ್ಪಗಳ ಮೇಲೆಯೂ ಝೂಲನೋತ್ಸವದ ಚಪ್ಪರಗಳಲ್ಲಿಯೂ ಕುಣಿಯುತ್ತಿದ್ದರು. ಸಖೀಭಾವವನ್ನು ಆದರಿಸಿದ ವೈಷ್ಣವಪಂಥವು ಈ ಪದ್ಧತಿಗೆ ಪೋಷಕವಾಯಿತು.

ಚಿತ್ರಕಾರನ ಮಗನು ಈ ಅಖಾಡೆಯ ಕಡೆಗೆ ಎಳೆಯಲ್ಪಟ್ಟುದು ಆಶ್ಚರ್ಯವಲ್ಲ. ತಂದೆಗೆ ಅದು ಒಪ್ಪಿಗೆಯಾಗದಿದ್ದುದೂ ಆಶ್ಚರ್ಯವಲ್ಲ. ಚಿಂತಾಮಣಿಯವರು ಹುಡುಗನನ್ನು ಅಲ್ಲಿಂದ ಬಿಡಿಸಿ ಪುರಿಯ ಮೋಹನಸುಂದರದೇವ ಗೋಸ್ವಾಮಿಗಳ ರಾಸಲೀಲಾ ಮಂಡಲಿಗೆ ಒಪ್ಪಿಸಿದರು. ಭಕ್ತಿಯ ಆಟದಲ್ಲಿ ಕೃಷ್ಣನ ಪರಿವಾರವಾಗಿ ಕುಣಿಯುವುದು ಬೇರೆ, ಸ್ತ್ರೀವೇಷದಲ್ಲಿ ಊರೂರು ಕುಣಿಯುವುದು ಬೇರೆ ಎಂಬ ಭೇದವು ಆ ಕಾಲದ ಸಂಭಾವಿತ ಗೃಹಸ್ಥರ ಮನಸ್ಸಿನಲ್ಲಿ ಬಲವಾಗಿದ್ದಿತು. ಈ ಗೋಸ್ವಾಮಿಗಳೇ 1936ರಲ್ಲಿ ಸೀತಾಬಿಬಾಹ ಎಂಬ ಮೊದಲನೆಯ ಒಡಿಯಾ ಚಲಚ್ಚಿತ್ರವನ್ನು ನಿರ್ದೇಶಿಸಿದವರು. ಅವರ ಮಂಡಲಿಯಲ್ಲಿ ಕೇಲುಚರಣರು ಬಾಲ್ಯದ ಉಳಿದ ಭಾಗವನ್ನೂ ತಾರುಣ್ಯದ ಪ್ರಾರಂಭವನ್ನೂ ಕಳೆದರು. ವೇಷ, ಗಾನ, ಮದ್ದಳೆ, ಮುಖಕ್ಕೆ ಬಣ್ಣ ಬಳಿಯುವುದು, ತೆರೆ ಕಟ್ಟುವುದು ಎಲ್ಲವೂ ಅಲ್ಲಿಯ ವಿದ್ಯಾರ್ಥಿಯ ಕರ್ತವ್ಯ. ಭರತನು ನಾಟ್ಯಶಾಸ್ತ್ರದಲ್ಲಿ ಆಹಾರ್ಯವನ್ನು ಅಭಿನಯದ ಒಂದು ಅಂಗವನ್ನಾಗಿ ಎಣಿಸಿದ್ದು ಏಕೆಂಬುದನ್ನು ಗ್ರಂಥದ ಸಹಾಯವಿಲ್ಲದೆ ತಿಳಿಯಲು ಇದಕ್ಕಿಂತ ಉತ್ತಮವಾದ ಪಾಠಶಾಲೆಯಿರಲಾರದು.

ಮಂಡಲಿಯನ್ನು ಬಿಟ್ಟ ಮೇಲೆ ಬಂದುದು ಕಷ್ಟಕಾಲ. ವೀಳ್ಯದೆಲೆಯ ತೋಟದಲ್ಲಿ ನೀರು ಹೊತ್ತು ದಿನಗೂಲಿಯಿಂದ ಹೊಟ್ಟೆ ಹೊರೆಯಬೇಕಾಯಿತು. ಮುಂದೆ ದೇಶದ ಪರಮಗೌರವಗಳಿಗೆ ಪಾತ್ರರಾದವರ ಚರಿತ್ರೆಯಲ್ಲಿ ಇಂತಹ ಸಂಗತಿಯನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸುವ ಅಭ್ಯಾಸವುಂಟು; ಅದು ಯಶಸ್ಸಿನ ಸೌಧಕ್ಕೆ ಮೆಟ್ಟಿಲಿನಂತೆ ಚೆನ್ನಾಗಿ ಕಾಣುವುದು. ಆದರೆ ಚರಿತ್ರಕಾರನು ಇಲ್ಲಿ ಸ್ವಲ್ಪ ನಿಲ್ಲಬೇಕು. ಚಿತ್ರ, ಗಾನ, ನೃತ್ಯ, ಮದ್ದಳೆ ಈ ನಾಲ್ಕರಲ್ಲಿಯೂ ಶಿಕ್ಷಿತನಾದ ಒಬ್ಬ ತರುಣನಿಗೆ ಜಗನ್ನಾಥನ ನಾಡಿನಲ್ಲಿ ನಾಲ್ಕರಿಂದಲೂ ಅನ್ನ ದೊರೆಯದ ಕಾಲವೊಂದಿದ್ದಿತು. ಆ ತೋಟದಲ್ಲಿಯೇ ಆತನು ಉಳಿದುಬಿಟ್ಟಿದ್ದರೆ, ಮುಂದೆ ಶಾಸನಗಳನ್ನೂ ಶಿಲ್ಪಗಳನ್ನೂ ಉದಾಹರಿಸಿ ಅಖಂಡಪರಂಪರೆಯೆಂದು ವರ್ಣಿತವಾದ ಕಲೆಯು ಯಾವ ರೂಪದಲ್ಲಿರುತ್ತಿದ್ದಿತೋ ಹೇಳುವುದು ಕಷ್ಟ.

ಉದ್ಧಾರಕವಾಗಿ ಬಂದುದು ಶಾಸ್ತ್ರವೂ ಅಲ್ಲ, ದೇವಾಲಯವೂ ಅಲ್ಲ. ಟಿಕೇಟು ಮಾರಿ ನಾಟಕವಾಡುವ ರಂಗಮಂದಿರ. ಕಟಕದ ಅನ್ನಪೂರ್ಣಾ ರಂಗಮಂದಿರದಲ್ಲಿ ಕೇಲುಚರಣರಿಗೆ ಉದ್ಯೋಗ ದೊರೆಯಿತು. ಅಲ್ಲಿ ನೃತ್ಯವನ್ನು ಹೇಳಿಕೊಡುತ್ತಿದ್ದವರು ಪಂಕಜಚರಣ ದಾಸರು. ಮಾಹಾರಿ ಮನೆತನದಲ್ಲಿ ಹುಟ್ಟಿ, ದೇವಾಲಯದ ನೃತ್ಯವನ್ನು ಮನೆಯಲ್ಲಿಯೇ ಕಂಡು ಬೆಳೆದವರು. ನಾಟಕದ ನಡುವೆ ಜನರ ವಿನೋದಕ್ಕಾಗಿ ಅವರು ಸಂಯೋಜಿಸಿದ ಮೋಹಿನೀಭಸ್ಮಾಸುರ ನೃತ್ಯದಲ್ಲಿ ಕೇಲುಚರಣರು ಶಿವನಾಗಿ ಕಾಣಿಸಿಕೊಂಡರು. ಮೋಹಿನಿಯ ಪಾತ್ರ ಲಕ್ಷ್ಮೀಪ್ರಿಯಾ ಎಂಬ ನಟಿಯದು. ಈ ಲಕ್ಷ್ಮೀಪ್ರಿಯಾ ದೇವಿಯವರೇ ಮುಂದೆ ಕೇಲುಚರಣರ ಸಹಧರ್ಮಿಣಿಯಾದರು. ಗೋಟಿಪುಅದ ಹುಡುಗನೂ ಮಾಹಾರಿಯರ ಮನೆಯ ಆಚಾರ್ಯನೂ ವೃತ್ತಿರಂಗಭೂಮಿಯ ನಟಿಯೂ ಒಂದೇ ವೇದಿಕೆಯಲ್ಲಿ ಕೂಡಿದುದು ಈ ಚರಿತ್ರೆಯ ಮುಖ್ಯಘಟ್ಟ. ವೃತ್ತಿನಾಟಕಮಂಡಲಿಗಳನ್ನು ಅಗ್ಗದ ವಸ್ತುವೆಂದು ಹೀಗಳೆಯುವ ಪಂಡಿತರು ಇದನ್ನು ಗಮನಿಸತಕ್ಕದ್ದು.

1952ರಲ್ಲಿ ಬಾಬುಲಾಲ್ ದೋಶಿಯವರು ಕಟಕದಲ್ಲಿ ಕಲಾವಿಕಾಸಕೇಂದ್ರವೆಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮರುವರ್ಷ ಕೇಲುಚರಣರು ಅಲ್ಲಿ ಅಧ್ಯಾಪಕರಾದರು. ಆಗ ಆ ನೃತ್ಯಕ್ಕೆ ದೇಶದಲ್ಲಿ ಪ್ರತ್ಯೇಕವಾದ ಹೆಸರು ಸ್ಥಿರವಾಗಿರಲಿಲ್ಲ. ಪೂರ್ಣವಾದ ಒಂದು ಕಚೇರಿಗೆ ಸಾಲುವಷ್ಟು ವಸ್ತುವೂ ಇರಲಿಲ್ಲ. 1954ರಲ್ಲಿ ದೆಹಲಿಯ ಅಂತರವಿಶ್ವವಿದ್ಯಾಲಯ ಯುವಜನೋತ್ಸವದಲ್ಲಿ ಪ್ರಿಯಂವದಾ ಮೊಹಂತಿಯವರು ಕುಣಿದುದನ್ನು ಕಂಡ ಕಲಾವಿಮರ್ಶಕ ಚಾರ್ಲ್ಸ್ ಫಾಬ್ರಿಯವರು ಅದನ್ನು ಮುಕ್ತಕಂಠದಿಂದ ಪ್ರಶಂಸಿಸಿದ ಮೇಲೆ ಉತ್ತರದ ವಿದ್ವಾಂಸರ ದೃಷ್ಟಿ ಇತ್ತ ಹರಿಯಿತು. 1958ರಲ್ಲಿ ಕಟಕದ ಗುರುಗಳೂ ವಿದ್ವಾಂಸರೂ ಜಯಂತಿಕಾ ಎಂಬ ಕೂಟವನ್ನು ಕಟ್ಟಿದರು. ಪಂಕಜಚರಣ ದಾಸರು, ಕೇಲುಚರಣರು, ದೇಬಪ್ರಸಾದ ದಾಸರು, ಮಾಯಾಧರ ರಾವುತರು ಒಂದು ಕಡೆ. ಕಾಳೀಚರಣ ಪಟ್ನಾಯಕರು, ಧೀರೇಂದ್ರನಾಥ ಪಟ್ನಾಯಕರು ಮೊದಲಾದ ವಿದ್ಯಾವಂತರು ಒಂದು ಕಡೆ. ಮಂಗಳಾಚರಣ, ಬಟು, ಪಲ್ಲವಿ, ಅಭಿನಯ, ಮೋಕ್ಷ ಎಂಬ ಕ್ರಮವು ಅಲ್ಲಿ ಸ್ಥಿರಪಟ್ಟಿತು. ಇಂದು ಯಾವ ದೇಶದಲ್ಲಿ ಒಡಿಸ್ಸಿಯನ್ನು ಕಂಡರೂ ಬಹುಮಟ್ಟಿಗೆ ಈ ಕ್ರಮವೇ ಕಾಣುವುದು.

ಇಲ್ಲಿ ಪರಂಪರೆಯ ಪ್ರಾಚೀನತೆಯ ಪ್ರಶ್ನೆಯು ಅನಿವಾರ್ಯವಾಗಿ ಏಳುತ್ತದೆ. ಭುವನೇಶ್ವರದ ಸಮೀಪದ ಹಾಥಿಗುಂಫಾ ಶಾಸನದಲ್ಲಿ ಖಾರವೇಲನು ಗಾಂಧರ್ವವೇದದಲ್ಲಿ ಪ್ರವೀಣನೆಂದೂ ನೃತ್ಯಗೀತವಾದ್ಯಗಳಿಂದ ನಗರವನ್ನು ರಂಜಿಸಿದನೆಂದೂ ಉಕ್ತವಾಗಿರುವುದು ನಿಜ. ಹದಿಮೂರನೆಯ ಶತಮಾನದ ಕೊಣಾರ್ಕದ ನಾಟಮಂದಿರದ ಮೈಯೆಲ್ಲ ನರ್ತಕಿಯರಿಂದಲೂ ವಾದ್ಯಗಾರರಿಂದಲೂ ತುಂಬಿರುವುದು ನಿಜ. ಕನ್ನಡಿಗರಿಗೆ ಕೃಷ್ಣದೇವರಾಯನ ಪ್ರತಿಪಕ್ಷಿಯಾಗಿ ಪರಿಚಿತನಾದ ಗಜಪತಿ ಪ್ರತಾಪರುದ್ರನು 1499ರಲ್ಲಿ ಜಗನ್ನಾಥದೇವಾಲಯದಲ್ಲಿ ಹಾಕಿಸಿದ ಶಾಸನವು, ದೇವರ ಮುಂದೆ ಗೀತಗೋವಿಂದವನ್ನಲ್ಲದೆ ಬೇರೊಂದನ್ನು ಹಾಡಿ ಕುಣಿಯಕೂಡದೆಂದು ವಿಧಿಸುವುದೂ ನಿಜ. ಇವು ಆ ನಾಡಿನಲ್ಲಿ ನೃತ್ಯವಿದ್ದಿತೆಂಬುದಕ್ಕೆ ಬಲವತ್ತರವಾದ ಪ್ರಮಾಣಗಳು. ಆದರೆ ಆ ನೃತ್ಯವೇ ಈ ನೃತ್ಯವೆಂಬುದಕ್ಕೆ ಇವು ಪ್ರಮಾಣವಾಗಲಾರವು. ಕಲ್ಲಿನ ನರ್ತಕಿ ಒಂದು ಕ್ಷಣದಲ್ಲಿ ನಿಂತವಳು. ಆ ನಿಲುವಿಗೆ ಹೇಗೆ ಬಂದಳು, ಅಲ್ಲಿಂದ ಹೇಗೆ ಹೊರಟಳು ಎಂಬುದನ್ನು ಶಿಲ್ಪವು ಹೇಳದು. ಮಹೇಶ್ವರ ಮಹಾಪಾತ್ರನ ಅಭಿನಯಚಂದ್ರಿಕೆಯಂತಹ ಗ್ರಂಥಗಳು ಪಾದಹಸ್ತಾದಿಗಳ ಹೆಸರುಗಳನ್ನು ಕೊಡುವುವು. ಹೆಸರಿನಿಂದ ಚಲನವು ಹುಟ್ಟುವುದಿಲ್ಲ. ಎರಡು ಭಂಗಿಗಳ ನಡುವಣ ಆ ತೆರಪನ್ನು ತುಂಬಬೇಕಾದವನು ಬದುಕಿರುವ ಮನುಷ್ಯ. ಆ ಕಾರ್ಯವನ್ನು ಮಾಡಿದವರಲ್ಲಿ ಅಗ್ರಗಣ್ಯರು ಕೇಲುಚರಣರು. ಅದಕ್ಕೆ ಬಳಸಿದ ಸಾಮಗ್ರಿ ಅಖಾಡೆಯ ದೇಹಸಾಧನೆ, ಮದ್ದಳೆಯ ಲಯ, ಚಿತ್ರಕಾರನ ರೇಖೆ.

ರೇಖೆಯ ಮಾತು ಅಲಂಕಾರಕ್ಕಾಗಿ ಆಡಿದುದಲ್ಲ. ಪಟ್ಟಚಿತ್ರದ ಕೃಷ್ಣನನ್ನು ಕಂಡವರು ಒಡಿಸ್ಸಿಯ ತ್ರಿಭಂಗವನ್ನು ಕೂಡಲೇ ಗುರುತಿಸುವರು: ಶಿರಸ್ಸು ಒಂದು ಕಡೆ, ಎದೆ ಇನ್ನೊಂದು ಕಡೆ, ಕಟಿ ಮತ್ತೆ ಮೊದಲನೆಯ ಕಡೆ. ಚೌಕವೆಂಬ ನಾಲ್ಕುಮೂಲೆಯ ನಿಲುವಾದರೋ ಜಗನ್ನಾಥಮೂರ್ತಿಯ ಗಾಂಭೀರ್ಯವನ್ನೇ ಹೋಲುವುದು. ಬಟುವಿನಲ್ಲಿ ವೀಣೆ, ವೇಣು, ಮರ್ದಳ, ಮಂಜೀರಗಳನ್ನು ನುಡಿಸುವ ನಿಲುವುಗಳು ಒಂದಾದ ಮೇಲೊಂದು ಬರುವಾಗ, ಪಟದಲ್ಲಿ ಮೊದಲು ಅಂಚು ಹಾಕಿ ಆಕೃತಿಗಳಿಗೆ ಸ್ಥಳ ಗೊತ್ತುಮಾಡುವ ಕೈ ನೆನಪಿಗೆ ಬರುವುದು. ಪಲ್ಲವಿಯ ಸಂಯೋಜನೆಯಲ್ಲಿ ಈ ಹೋಲಿಕೆ ಇನ್ನೂ ಸ್ಪಷ್ಟ. ವಯೋಲಿನ್ ವಿದ್ವಾಂಸರಾದ ಭುವನೇಶ್ವರ ಮಿಶ್ರರು ರಾಗವನ್ನು ಹೆಣೆದುಕೊಡಲು, ಕೇಲುಚರಣರು ಮೊದಲು ಕಣ್ಣು, ಕೊರಳು, ಕೈಗಳ ಅಲ್ಪವಾದ ಚಲನದಿಂದ ಪ್ರಾರಂಭಿಸಿ, ಅದರ ಮೇಲೆ ಪಾದಭೇದ, ಅದರ ಮೇಲೆ ಲಯವೈಚಿತ್ರ್ಯ ಎಂದು ಪದರಪದರವಾಗಿ ಕಟ್ಟುವರು. ಬಟ್ಟೆಯ ಮೇಲೆ ಅಂಟು, ಅಂಟಿನ ಮೇಲೆ ಬಣ್ಣ, ಬಣ್ಣದ ಮೇಲೆ ಆಭರಣವನ್ನಿಡುವ ಕ್ರಮವಿದು. ಒಂದು ಭೇದವನ್ನು ಮಾತ್ರ ಒಪ್ಪಬೇಕು: ಪಟದಲ್ಲಿ ಕಡೆಗೆ ತೆರೆಯುವ ಕಣ್ಣು ಇಲ್ಲಿ ಮೊದಲೇ ತೆರೆಯುವುದು. ಮದ್ದಳೆಯನ್ನು ಸ್ವತಃ ನುಡಿಸುತ್ತಿದ್ದುದರಿಂದ ಕುಣಿಯುವವರ ಉಸಿರು ಎಲ್ಲಿ ನಿಲ್ಲುವುದೆಂಬುದೂ ಅವರ ಬೆರಳಿಗೆ ತಿಳಿದಿದ್ದಿತು. ಸಂಯುಕ್ತಾ ಪಾಣಿಗ್ರಾಹಿ, ಕುಂಕುಮ್ ಮೊಹಂತಿ, ಸೋನಲ್ ಮಾನ್‌ಸಿಂಗ್, ಮಾಧವೀ ಮುದ್ಗಲ್ ಮೊದಲಾದವರು ಅವರಲ್ಲಿ ಕಲಿತವರು.

ಗುರುವಿನ ಸ್ವಂತ ಅಭಿನಯಕ್ಕೆ ಉದಾಹರಣೆ ಬೇಕಾದರೆ ಗೀತಗೋವಿಂದದ ಕಡೆಯ ಅಷ್ಟಪದಿಯನ್ನು ನೋಡಬೇಕು. ಜಯದೇವನು ಉತ್ಕಲದವನೋ ವಂಗದವನೋ ಎಂಬ ಕಲಹವನ್ನು ಇಲ್ಲಿ ಎತ್ತುವ ಅಗತ್ಯವಿಲ್ಲ. ಚಿಕ್ಕದೇವರಾಯನ ಕಾಲದ ಗೀತಗೋಪಾಲವನ್ನು ಬಲ್ಲ ಕನ್ನಡ ವಿದ್ವಾಂಸರಿಗೆ ಆ ಕವಿಯು ಯಾರಿಗೂ ಅನ್ಯನಲ್ಲ. ಆ ಅಷ್ಟಪದಿಯಲ್ಲಿ ರಾಧೆಯು ಪ್ರಿಯನನ್ನು ಕರೆದು ತನ್ನ ಎದೆಯ ಮೇಲೆ ಕಸ್ತೂರಿಯ ಪತ್ರಲೇಖೆಯನ್ನು ಬರೆಯೆಂದೂ, ಅಳಿಸಿದ ಕಾಡಿಗೆಯನ್ನು ತೀಡೆಂದೂ, ಹಣೆಗೆ ತಿಲಕವಿಟ್ಟು ಹೂ ಮುಡಿಸೆಂದೂ ಬೇಡುವಳು. ವ್ಯಾಖ್ಯಾನಕಾರರು ಇದನ್ನು ಸ್ವಾಧೀನಭರ್ತೃಕೆಯ ಲಕ್ಷಣಕ್ಕೆ ಉದಾಹರಿಸುವರು. ಆದರೆ ರಾಧೆ ಕೇಳುತ್ತಿರುವುದು ಚಿತ್ರಕಾರನ ಕೆಲಸವನ್ನು. ತಲೆ ಬೋಳಾದ, ವಯಸ್ಸಾದ ಒಬ್ಬ ಪುರುಷನು ಸ್ತ್ರೀವೇಷವನ್ನು ಧರಿಸದೆ, ಧೋತ್ರವನ್ನುಟ್ಟು ರಂಗಕ್ಕೆ ಬಂದು, ಆ ಪದವನ್ನು ಅಭಿನಯಿಸುವಾಗ ಪ್ರೇಕ್ಷಕರು ರಾಧೆಯನ್ನೇ ಕಂಡರೆಂಬುದು ಪ್ರಸಿದ್ಧ. ಕುಂಚವನ್ನು ಅದ್ದುವ, ರೇಖೆಯನ್ನೆಳೆಯುವ, ಬರೆದುದನ್ನು ತುಸು ಹಿಂದೆ ಸರಿದು ನೋಡುವ ಆ ಬೆರಳುಗಳಿಗೆ ಅದನ್ನು ಕಲಿಸಿಕೊಟ್ಟುದು ರಘುರಾಜಪುರದ ಜಗಲಿ.

ಗುಣಗಳನ್ನು ಹೇಳಿದಮೇಲೆ ಆಕ್ಷೇಪವನ್ನೂ ಹೇಳದಿರುವುದು ನ್ಯಾಯವಲ್ಲ. ಕೇಲುಚರಣರ ಶೈಲಿಯ ಪ್ರಭಾವವು ಎಷ್ಟು ಹರಡಿತೆಂದರೆ ಬಹುಮಂದಿಗೆ ಒಡಿಸ್ಸಿಯೆಂದರೆ ಅದೇ ಎಂಬಂತಾಯಿತು. ಪಂಕಜಚರಣ ದಾಸರ ಮಾಹಾರಿಸಂಪ್ರದಾಯದ ಬಿಗಿ, ದೇಬಪ್ರಸಾದ ದಾಸರ ಕಸುವು ತುಂಬಿದ ಪದ್ಧತಿ ಇವುಗಳಿಗೆ ಸಲ್ಲಬೇಕಾದ ಗಮನವು ಸಲ್ಲಲಿಲ್ಲ. ಮಾಹಾರಿಯರ ವಿಷಯದಲ್ಲಿ ಅನ್ಯಾಯವು ಇನ್ನೂ ದೊಡ್ಡದು; ಶತಮಾನಗಳ ಕಾಲ ಗೀತಗೋವಿಂದವನ್ನು ದೇವರ ಮುಂದೆ ಹಾಡಿದ ಆ ಸ್ತ್ರೀಯರನ್ನು ಪರಂಪರೆಯ ಮೂಲವೆಂದು ಗ್ರಂಥಗಳಲ್ಲಿ ಕೊಂಡಾಡಿ, ಹೊಸ ವೇದಿಕೆಯ ಮೇಲೆ ಮಾತ್ರ ಅವರಿಗೆ ಸ್ಥಳವನ್ನು ಕೊಡಲಿಲ್ಲ. ಈ ದೋಷವು ಒಬ್ಬ ಗುರುವಿನದಲ್ಲ. ಸಂಭಾವಿತರ ಮನೆಯ ಹೆಣ್ಣುಮಕ್ಕಳು ಕುಣಿಯಲು ತೊಡಗಬೇಕಾದರೆ ಕುಣಿಯುತ್ತಿದ್ದವರು ಮರೆಯಾಗಬೇಕೆಂದು ಎಣಿಸಿದ ಕಾಲದ್ದು.

ಚಿತ್ರಕಾರರ ಪಾಡೂ ಕಾಲಾನಂತರದಲ್ಲಿ ಸುಧಾರಿಸಿತು. ಕ್ಷೀಣಿಸುತ್ತಿದ್ದ ಪಟ್ಟಚಿತ್ರವು 1950ರ ದಶಕದಿಂದ ಮತ್ತೆ ಚಿಗುರಿತು. ರಘುರಾಜಪುರವು ಪಾರಂಪರಿಕ ಗ್ರಾಮವೆಂಬ ಮನ್ನಣೆಯನ್ನು ಪಡೆಯಿತು. ಗೋಟಿಪುಅ ಬಾಲಕರು ಅಲ್ಲಿ ಈಗಲೂ ಕುಣಿಯುವರು. ಕೇಲುಚರಣರಿಗೆ 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರವೂ 2000ದಲ್ಲಿ ಪದ್ಮವಿಭೂಷಣವೂ ಸಂದವು. 1993ರಲ್ಲಿ ಪತ್ನೀಪುತ್ರರೊಡನೆ ಸೃಜನ್ ಎಂಬ ಸಂಸ್ಥೆಯನ್ನು ಭುವನೇಶ್ವರದಲ್ಲಿ ಸ್ಥಾಪಿಸಿ, ಕಡೆಯವರೆಗೂ ಪಾಠ ಹೇಳುತ್ತಿದ್ದು, 2004ನೆಯ ಏಪ್ರಿಲ್ 7ರಂದು ಅವರು ದಿವಂಗತರಾದರು.

ಕನ್ನಡನಾಡಿನಲ್ಲಿಯೂ ಅವರ ಗುರುತು ಉಳಿದಿದೆ. ಅವರ ಶಿಷ್ಯೆ ಪ್ರೋತಿಮಾ ಬೇಡಿಯವರು 1990ರ ಸುಮಾರಿಗೆ ಬೆಂಗಳೂರಿಗೆ ಸಮೀಪದ ಹೆಸರಘಟ್ಟದಲ್ಲಿ ನೃತ್ಯಗ್ರಾಮವೆಂಬ ಗುರುಕುಲವನ್ನು ಸ್ಥಾಪಿಸಿದರು. ಅವರು 1998ರಲ್ಲಿ ಮಾನಸಸರೋವರದ ಯಾತ್ರಾಮಾರ್ಗದಲ್ಲಿ ಭೂಕುಸಿತದಿಂದ ಮಡಿದ ಮೇಲೆಯೂ ಆ ಗುರುಕುಲವು ನಡೆದುಬಂದಿದೆ. ಅಲ್ಲಿ ಕೇಲುಚರಣರ ಹೆಸರಿಗೆ ಅರ್ಪಿಸಿದ ಒಂದು ಚಿಕ್ಕ ಗುಡಿಯಿದೆ. ಅದು ಶಿಲೆಯದಲ್ಲ, ಮಣ್ಣಿನದು. ಗೋಡೆಯ ಮೇಲೆ ಹಸ್ತಮುದ್ರೆಗಳನ್ನೂ ನೃತ್ಯದ ನಿಲುವುಗಳನ್ನೂ ರೂಪಿಸಿದ್ದಾರೆ. ಸಂಜೆ ಹಿತ್ತಾಳೆಯ ದೀಪಗಳನ್ನು ಹಚ್ಚುವರು.